ಕಳವಿನ ಚಿತ್ರಗಳೂ ಲೋಕನೀತಿಯೂ

ಕಳವು ದರೋಡೆಗಳನ್ನೇ ಕಥಾವಸ್ತುವಾಗಿ ಉಳ್ಳ ಚಲಚ್ಚಿತ್ರಗಳಿಗೆ ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ದೊರೆಯುತ್ತಿರುವ ಜನಾದರಣೆ ಸಾಮಾನ್ಯವಾದುದಲ್ಲ. ಚಿತ್ರಮಂದಿರದಿಂದ ಇಳಿದ ಮೇಲೂ ಅವು ಮನೆಯ ಟೆಲಿವಿಷನ್ನಿನಲ್ಲಿ, ಅಂಗೈಯೊಳಗಿನ ಮೊಬೈಲಿನಲ್ಲಿ ವರ್ಷಗಟ್ಟಲೆ ಓಡುತ್ತವೆ. ಅವುಗಳನ್ನು ಕುರಿತು ಬರುವ ವಿಮರ್ಶೆಗಳಲ್ಲಿ ಈಚೆಗೆ ಒಂದು ಪರಿಪಾಠ ಬೇರೂರಿದೆ. ಚಿತ್ರದ ಕಳ್ಳನು ಯಾರ ಮನೆಗೆ ಕನ್ನ ಹಾಕಿದನು, ಹಾಕುವಾಗ ಏನು ಭಾಷಣ ಮಾಡಿದನು ಎಂಬುದನ್ನು ನೋಡಿ, ಅದು ಪ್ರಗತಿಪರವೋ ಪ್ರತಿಗಾಮಿಯೋ, ಸರ್ಕಾರದ ಪರವೋ ವಿರುದ್ಧವೋ ಎಂದು ಮುದ್ರೆ ಒತ್ತಿಬಿಡುವುದೇ ಆ ಪರಿಪಾಠ. ಒಂದು ಚಿತ್ರದ ಸಾಮಾಜಿಕ, ರಾಜಕೀಯ ಸಂದೇಶವನ್ನು ಪರೀಕ್ಷಿಸುವುದು ತಪ್ಪಲ್ಲ. ಅದು ಅವಶ್ಯವೇ ಸರಿ. ಆದರೆ ಪರೀಕ್ಷೆಯ ಒರೆಗಲ್ಲು ಯಾವುದು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಒರೆಗಲ್ಲೇ ಸರಿಯಿಲ್ಲದಿದ್ದರೆ ಹಿತ್ತಾಳೆಯೂ ಚಿನ್ನವಾಗಿ ತೋರುವುದು. ಮುಂಬಯಿ ನಗರದಲ್ಲಿಯೇ ನಡೆದ ಒಂದು ಪ್ರಸಂಗವನ್ನೂ ಅದರ ಮೇಲೆ ಕಟ್ಟಿದ ಒಂದು ಚಿತ್ರವನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಇಂದು ಬಳಕೆಯಲ್ಲಿರುವ ಒರೆಗಲ್ಲುಗಳು ಮುಖ್ಯವಾಗಿ ಮೂರು. ಕಳ್ಳನಿಗೆ ಕೊನೆಯಲ್ಲಿ ಶಿಕ್ಷೆಯಾಯಿತೇ ಎಂದು ಕೇಳುವುದು ಮೊದಲನೆಯದು. ಕದ್ದ ಗಂಟು ಬಡವರ ಪಾಲಾಯಿತೇ, ಅಥವಾ ಬಡವರ ಹೆಸರಿನಲ್ಲಿ ನಾಲ್ಕು ಬಿರುನುಡಿಗಳಾದರೂ ಕೇಳಿಬಂದವೇ ಎಂದು ನೋಡುವುದು ಎರಡನೆಯದು. ಇದೆಲ್ಲ ಬರಿಯ ವಿನೋದ, ಇದರಲ್ಲಿ ನೀತಿಯನ್ನು ಹುಡುಕುವವನೇ ಅರಸಿಕ ಎಂದು ಕೈಕೊಡವುವುದು ಮೂರನೆಯದು. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ಬಹು ಹಳೆಯದು. ಅಮೆರಿಕದ ಚಿತ್ರೋದ್ಯಮವು 1934ರಿಂದ ಬಿಗಿಯಾಗಿ ಪಾಲಿಸಿದ, 1968ರಲ್ಲಿ ಕೈಬಿಟ್ಟ ನೀತಿಸಂಹಿತೆಯ ಪ್ರಕಾರ ಅಪರಾಧವು ಫಲಿಸುವಂತೆ ತೋರಿಸಕೂಡದು. ಆದುದರಿಂದ ಎಷ್ಟು ಚತುರನಾದ ಕಳ್ಳನಾದರೂ ಕೊನೆಯ ಹತ್ತು ನಿಮಿಷಗಳಲ್ಲಿ ಸಿಕ್ಕಿಬೀಳಲೇಬೇಕಾಗಿತ್ತು. ನಮ್ಮಲ್ಲಿಯೂ 1952ರ ಸಿನಿಮಟೋಗ್ರಾಫ್ ಕಾಯಿದೆಯ ಅಡಿಯಲ್ಲಿ 1991ರಲ್ಲಿ ಹೊರಟ ಮಾರ್ಗಸೂತ್ರಗಳು ಸಮಾಜಘಾತುಕ ಕೃತ್ಯಗಳನ್ನು ವೈಭವೀಕರಿಸಬಾರದು, ಅಪರಾಧಿಗಳ ಕಾರ್ಯವಿಧಾನವನ್ನು ಅಪರಾಧಕ್ಕೆ ಪ್ರಚೋದನೆಯಾಗುವಂತೆ ತೋರಿಸಬಾರದು ಎಂದು ವಿಧಿಸುತ್ತವೆ. ಈ ವಾಕ್ಯಗಳನ್ನು ಅಕ್ಷರಶಃ ಹಿಡಿದರೆ ಕಳವಿನ ಚಿತ್ರವೆಂಬ ಜಾತಿಯೇ ಇರಲಾರದು. ಹೆಚ್ಚೆಂದರೆ, ಎರಡು ಗಂಟೆಗಳ ಕಾಲ ಕಳವನ್ನು ಚಪ್ಪರಿಸಿ, ಕೊನೆಗೆ ಕೈಕೋಳವನ್ನು ತೊಡಿಸಿ ಕೈತೊಳೆದುಕೊಳ್ಳುವ ಕಪಟ ಬೆಳೆಯುತ್ತದೆ. ಖ್ವಾಜಾ ಅಹಮದ್ ಅಬ್ಬಾಸರು ತಂದ ಮೊಕದ್ದಮೆಯಲ್ಲಿ 1970ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು ಪೂರ್ವಪರಿಶೀಲನೆಯ ಪದ್ಧತಿಯನ್ನು ಎತ್ತಿಹಿಡಿಯಿತಾದರೂ, ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಒಂದು ವಿವೇಕದ ಮಾತನ್ನು ಅದರಲ್ಲಿ ಸೇರಿಸಿದರು. ಚಿತ್ರದಲ್ಲಿ ಯಾವ ಅನಿಷ್ಟ ವಸ್ತು ಬಂದಿದೆ ಎಂಬುದಕ್ಕಿಂತ ಅದನ್ನು ನಿರ್ಮಾಪಕನು ಹೇಗೆ ನಿರ್ವಹಿಸಿದ್ದಾನೆ ಎಂಬುದೇ ಗಣನೀಯವೆಂಬುದು ಆ ಮಾತಿನ ತಾತ್ಪರ್ಯ. ಕಳವಿನ ಚಿತ್ರಗಳಿಗೆ ಇದಕ್ಕಿಂತ ಒಳ್ಳೆಯ ಆರಂಭಸೂತ್ರ ಬೇಕಾಗಿಲ್ಲ.

ಎರಡನೆಯ ಒರೆಗಲ್ಲು ಇಂದಿನ ಜನಪ್ರಿಯ ಒರೆಗಲ್ಲು. 2023ರ ಸೆಪ್ಟೆಂಬರಿನಲ್ಲಿ ತೆರೆಕಂಡ ಹಿಂದೀ ಚಿತ್ರ 'ಜವಾನ್' ಇದಕ್ಕೆ ಉತ್ತಮ ನಿದರ್ಶನ. ಅದರ ನಾಯಕನು ಮುಂಬಯಿಯ ಮೆಟ್ರೋ ರೈಲನ್ನೇ ಪ್ರಯಾಣಿಕರ ಸಹಿತ ವಶಪಡಿಸಿಕೊಂಡು, ಕೋಟ್ಯಧಿಪತಿಯಿಂದ ಹಣವನ್ನು ಕಸಿದು ರೈತರ ಸಾಲವನ್ನು ತೀರಿಸುತ್ತಾನೆ. ಆರೋಗ್ಯ ಮಂತ್ರಿಯನ್ನು ಹಿಡಿದು ಸರ್ಕಾರಿ ಆಸ್ಪತ್ರೆಗಳನ್ನು ನೆಟ್ಟಗೆ ಮಾಡಿಸುತ್ತಾನೆ. ಕೊನೆಗೆ, ಮತ ಹಾಕುವ ಮುನ್ನ ಯೋಚಿಸಿರೆಂದು ಪ್ರೇಕ್ಷಕರಿಗೆ ಬೋಧಿಸುತ್ತಾನೆ. ಮಾತು ಸರಿಯಾದುದು, ಸಂಕಟಗಳೂ ನಿಜವಾದುವು. ಆದರೆ ಬೋಧನೆಗೂ ಕಥೆಗೂ ಹೊಂದಿಕೆಯೆಲ್ಲಿ? ಮತದಾರನು ಪ್ರಶ್ನೆ ಕೇಳಬೇಕೆಂದು ನಾಯಕನ ಬಾಯಿ ಹೇಳುತ್ತದೆ. ಬಂದೂಕು ಹಿಡಿದ ಒಬ್ಬ ಪುರುಷೋತ್ತಮನಿದ್ದರೆ ಮತದಾರನ ಗೊಡವೆಯೇ ಬೇಡ, ಕೆಲವು ಗಂಟೆಗಳಲ್ಲಿ ರಾಜ್ಯವೇ ಸರಿಹೋಗುವುದೆಂದು ಕಥೆ ಹೇಳುತ್ತದೆ. ಪ್ರೇಕ್ಷಕನ ಮನಸ್ಸಿನಲ್ಲಿ ಇವೆರಡರಲ್ಲಿ ಉಳಿಯುವುದು ಯಾವುದೆಂಬುದನ್ನು ವಿವರಿಸಬೇಕಾಗಿಲ್ಲ.

ಸ್ಪೇನ್ ದೇಶದ ಧಾರಾವಾಹಿ 'ಮನಿ ಹೈಸ್ಟ್' 2017ರಲ್ಲಿ ಅಲ್ಲಿನ ಟೆಲಿವಿಷನ್ನಿನಲ್ಲಿ ಆರಂಭವಾಗಿ ಮುಂದೆ ಲೋಕವಿಖ್ಯಾತವಾಯಿತು. ಆ ದೇಶವು ಆಗತಾನೆ ಕಠಿಣ ಆರ್ಥಿಕ ದುರ್ದೆಸೆಯಿಂದ ತಲೆಯೆತ್ತುತ್ತಿತ್ತು. 2013ರಲ್ಲಿ ಅಲ್ಲಿ ಕೆಲಸ ಹುಡುಕುತ್ತಿದ್ದ ಯುವಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಆ ರೋಷವನ್ನು ಧಾರಾವಾಹಿ ಜಾಣತನದಿಂದ ಬಳಸಿಕೊಂಡಿತು. ಕಳ್ಳರು ಟಂಕಸಾಲೆಯನ್ನು ಹೊಕ್ಕು ಯಾರ ಹಣವನ್ನೂ ಮುಟ್ಟದೆ ಹೊಸ ನೋಟುಗಳನ್ನು ಮುದ್ರಿಸಿಕೊಳ್ಳುತ್ತಾರೆ; ಯೂರೋಪಿನ ಕೇಂದ್ರ ಬ್ಯಾಂಕು ಬ್ಯಾಂಕುಗಳನ್ನು ಉಳಿಸಲು ಮಾಡಿದ್ದನ್ನೇ ತಾವೂ ಮಾಡುತ್ತಿರುವುದಾಗಿ ಅವರ ಮುಖಂಡನು ವಾದಿಸುತ್ತಾನೆ. ವಾದವೇನೋ ಚುರುಕಾಗಿದೆ. ಆದರೆ ಆ ನೋಟುಗಳನ್ನು ಮುದ್ರಿಸಿದವರು ಯಾರು? ಟಂಕಸಾಲೆಯ ನೌಕರರು. ತಮ್ಮ ಸಂಬಳಕ್ಕೆ ದುಡಿಯಲು ಬಂದ ಅವರು ಬಂದೂಕಿನ ಮೊನೆಗೆ ಅಂಜಿ ದಿನಗಟ್ಟಲೆ ಬಿಟ್ಟಿ ದುಡಿಯುತ್ತಾರೆ. ದುಡಿಯುವವರ ಪರವಾಗಿ ಹೂಡಿದ ಸಮರದಲ್ಲಿ ಬಿಟ್ಟಿ ಹಿಡಿಯಲ್ಪಟ್ಟವರು ದುಡಿಯುವವರೇ. ಕೆಂಪು ಅಂಗಿಯನ್ನೂ ಮುಖವಾಡವನ್ನೂ ತೊಟ್ಟು ಹಲವು ದೇಶಗಳ ಪ್ರತಿಭಟನೆಗಾರರು ಬೀದಿಗಿಳಿದರು. ಆದರೆ ಆ ನೌಕರರ ಬಿಟ್ಟಿ ದುಡಿಮೆಯ ನೆನಪು ಅವರಿಗೆ ಬಂದಂತೆ ಕಾಣಲಿಲ್ಲ.

ಮೂರನೆಯ ವಾದಕ್ಕೆ, ಎಂದರೆ ಎಲ್ಲವೂ ವಿನೋದವೆಂಬ ವಾದಕ್ಕೆ, ಹೆಚ್ಚು ಉತ್ತರ ಬೇಕಾಗಿಲ್ಲ. ವಿನೋದಕ್ಕೂ ನೀತಿಗೂ ಎಣ್ಣೆ ಸೀಗೆಯ ಸಂಬಂಧವಿದೆಯೆಂದು ನಮ್ಮ ಹಿರಿಯರು ಎಂದೂ ಭಾವಿಸಿರಲಿಲ್ಲ. ಕಳ್ಳನ ಚಾತುರ್ಯವನ್ನು ಕಂಡು ಮೆಚ್ಚಿ ನಗುವುದು ನಮ್ಮ ಸಾಹಿತ್ಯಕ್ಕೆ ಹೊಸದೂ ಅಲ್ಲ. ಶೂದ್ರಕನ 'ಮೃಚ್ಛಕಟಿಕ'ವನ್ನು ಓದಿದವರಿಗೆ ಶರ್ವಿಲಕನ ಪರಿಚಯವಿದ್ದೇ ಇದೆ. ಬ್ರಾಹ್ಮಣನಾಗಿ ಹುಟ್ಟಿದ ಈತನು ಕನ್ನ ಕೊರೆಯುವುದನ್ನು ಒಂದು ಶಾಸ್ತ್ರವೆಂದೇ ಪರಿಗಣಿಸಿ, ಗೋಡೆಯಲ್ಲಿ ತಾವರೆಯ ಆಕಾರದ ಕಿಂಡಿ ಚೆನ್ನೋ, ಪೂರ್ಣಕುಂಭದ ಆಕಾರದ್ದು ಚೆನ್ನೋ ಎಂದು ಚಿಂತಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರದಿಂದಲೇ ಗೋಡೆಯನ್ನು ಅಳೆಯುತ್ತಾನೆ. ಕಳವಿನ ಸಿದ್ಧತೆಯನ್ನು ಇಂದಿನ ಯಾವ ಚಿತ್ರವೂ ಇದಕ್ಕಿಂತ ಸೊಗಸಾಗಿ ತೋರಿಸಲಾರದು. ಈತನ ಉದ್ದೇಶವೂ ಸಹಾನುಭೂತಿಗೆ ತಕ್ಕುದೇ ಆಗಿದೆ: ತಾನು ಪ್ರೀತಿಸಿದ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಆತನಿಗೆ ಹಣ ಬೇಕಾಗಿದೆ.

ಆದರೆ ಶೂದ್ರಕನು ಅಲ್ಲಿಗೇ ನಿಲ್ಲುವುದಿಲ್ಲ. ಕನ್ನ ಬಿದ್ದ ಮನೆ ಚಾರುದತ್ತನದು. ಕಳವಾದ ಒಡವೆಗಳು ಅವನವಲ್ಲ, ವಸಂತಸೇನೆಯು ನಂಬಿ ಇಟ್ಟ ನ್ಯಾಸ. ಬೆಳಗಾದ ಮೇಲೆ ಚಾರುದತ್ತನನ್ನು ಕಾಡುವ ಚಿಂತೆ ಒಂದೇ: ಒಡವೆಗಳನ್ನು ಕಳ್ಳನು ಒಯ್ದನೆಂದರೆ ಬಡವನ ಮಾತನ್ನು ನಂಬುವವರು ಯಾರು? ಕಳ್ಳನ ಮೇಲೆ ಬೀಳಬೇಕಾದ ಸಂಶಯವು ಕಳೆದುಕೊಂಡ ಬಡವನ ಮೇಲೆಯೇ ಬೀಳುವುದು. ಆಗ ಅವನ ಪತ್ನಿ ಧೂತಾದೇವಿಯು ತನ್ನ ತವರಿನಿಂದ ಬಂದ ರತ್ನಮಾಲೆಯನ್ನು ಆ ಋಣಕ್ಕೆ ತೆತ್ತು ಗಂಡನ ಮಾನವನ್ನು ಕಾಯುತ್ತಾಳೆ. ಶರ್ವಿಲಕನ ಕುಶಲತೆಗೆ ನಕ್ಕ ಪ್ರೇಕ್ಷಕನನ್ನು ಕವಿಯು ಕೈಹಿಡಿದು ಕರೆದುಕೊಂಡುಹೋಗಿ ಆ ರತ್ನಮಾಲೆಯ ಮುಂದೆ ನಿಲ್ಲಿಸುತ್ತಾನೆ. ಮುಂದೆ ಶರ್ವಿಲಕನೂ ಒಡವೆಗಳನ್ನು ಹಿಂದಿರುಗಿಸುತ್ತಾನೆ. ಅನ್ಯಾಯದ ಅರಸನಾದ ಪಾಲಕನ ಸೆರೆಯಿಂದ ಆರ್ಯಕನನ್ನು ಬಿಡಿಸುವ ಬಂಡಾಯದಲ್ಲಿ ಪಾಲ್ಗೊಳ್ಳುತ್ತಾನೆ. ಸಮಾಜವೂ ರಾಜಕೀಯವೂ ಎರಡೂ ನಾಟಕದಲ್ಲಿವೆ. ಆದರೂ ಅದರ ನೀತಿಯ ತೂಕವಿರುವುದು ಬಂಡಾಯದಲ್ಲಿ ಮಾತ್ರವೇ ಅಲ್ಲ, ಕಳವಿಗೆ ಬೆಲೆ ತೆತ್ತವಳನ್ನು ಕವಿ ಮರೆಯದಿರುವುದರಲ್ಲಿ. ಕದ್ದವನು ಯಾರು, ಕಳೆದುಕೊಂಡವನು ಯಾರು ಎಂಬ ಎರಡು ಪ್ರಶ್ನೆಗಳ ಜೊತೆಗೆ ಬೆಲೆ ತೆತ್ತವರು ಯಾರು ಎಂಬ ಮೂರನೆಯ ಪ್ರಶ್ನೆಯನ್ನು ಕೇಳಬೇಕು. ನಮ್ಮ ಮತದಲ್ಲಿ ಕಳವಿನ ಚಿತ್ರಕ್ಕೆ ಸರಿಯಾದ ಒರೆಗಲ್ಲು ಇದೇ.

ಈ ಒರೆಗಲ್ಲಿಗೆ ಮುಂಬಯಿಯ ಪ್ರಸಂಗವನ್ನು ಉಜ್ಜಿ ನೋಡೋಣ. 1987ರ ಮಾರ್ಚ್ 17ರಂದು ಈ ನಗರದ ಒಂದು ಪ್ರಮುಖ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಗುಪ್ತಚಾರ ಅಧಿಕಾರಿಗಳ ಮತ್ತು ಭದ್ರತಾ ಅಧಿಕಾರಿಗಳ ಹುದ್ದೆಗಳಿಗೆ ಚುರುಕಾದ ಪದವೀಧರರು ಬೇಕಾಗಿದ್ದಾರೆಂಬ ಜಾಹೀರಾತು ಪ್ರಕಟವಾಯಿತು. ಸಂದರ್ಶನಕ್ಕೆ ಗೊತ್ತುಪಡಿಸಿದ ಸ್ಥಳ ತಾಜ್ ಹೊಟೇಲು. ಅಲ್ಲಿ ಆಯ್ಕೆಯಾದ ಇಪ್ಪತ್ತಾರು ಮಂದಿ ತರುಣರನ್ನು ಮಾರ್ಚ್ 19ರಂದು ಬಸ್ಸಿನಲ್ಲಿ ಕೂರಿಸಿಕೊಂಡು, ಇಂದು ಪರೀಕ್ಷಾರ್ಥವಾಗಿ ಒಂದು ಶೋಧನೆ ನಡೆಸುವುದಿದೆಯೆಂದು ಹೇಳಿ, ಅಧಿಕಾರಿಯೆನಿಸಿಕೊಂಡವನು ಒಪೇರಾ ಹೌಸ್ ಬಳಿಯ ತ್ರಿಭುವನದಾಸ್ ಭೀಮಜಿ ಝವೇರಿಯವರ ಆಭರಣದಂಗಡಿಗೆ ಕರೆದೊಯ್ದನು. ಕೇಂದ್ರೀಯ ತನಿಖಾ ದಳದವನೆಂದು ಹೇಳಿಕೊಂಡು, ಶೋಧನೆಯ ಆಜ್ಞಾಪತ್ರವನ್ನು ತೋರಿಸಿ, ಮಾದರಿಗಳೆಂಬ ನೆಪದಲ್ಲಿ ಲಕ್ಷಗಟ್ಟಲೆ ಬೆಲೆಯ ಒಡವೆಗಳನ್ನು ಚೀಲಗಳಲ್ಲಿ ತುಂಬಿಸಿ ಮೊಹರು ಹಾಕಿಸಿದನು. ಬಳಿಕ, ಹುಡುಗರನ್ನು ಅಂಗಡಿಯ ಕಾವಲಿಗೆ ನಿಲ್ಲಿಸಿ ಹೊರಟುಹೋದನು. ಹೋದವನು ಹಿಂದಿರುಗಲಿಲ್ಲ, ಅವನು ಯಾರೆಂಬುದೂ ಪತ್ತೆಯಾಗಲಿಲ್ಲ. ಅಂಗಡಿಯಲ್ಲಿ ಉಳಿದು ಪೋಲೀಸರ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ತಾವು ಸರ್ಕಾರಿ ನೌಕರಿಗೆ ಸೇರಿದೆವೆಂದು ನಂಬಿದ್ದ ಆ ಇಪ್ಪತ್ತಾರು ಮಂದಿ.

ಈ ವಂಚನೆ ಫಲಿಸಿದುದು ಆ ಕಾಲದ ಪರಿಸ್ಥಿತಿಯಿಂದ. 1985ರಿಂದ 1987ರ ಜನವರಿಯವರೆಗೆ ಅರ್ಥಮಂತ್ರಿಯಾಗಿದ್ದ ವಿಶ್ವನಾಥ ಪ್ರತಾಪ ಸಿಂಗರು ದೊಡ್ಡ ದೊಡ್ಡ ಉದ್ಯಮಪತಿಗಳ ಮೇಲೆಯೂ ತೆರಿಗೆ ಶೋಧನೆಗಳನ್ನು ನಡೆಸಿದ್ದರು. ಅಧಿಕಾರಿಗಳು ಇದ್ದಕ್ಕಿದ್ದಂತೆ ಬಾಗಿಲಿಗೆ ಬಂದು ನಿಲ್ಲುವುದು ಆ ದಿನಗಳಲ್ಲಿ ಯಾವ ವ್ಯಾಪಾರಿಗೂ ನಂಬಲಾಗದ ಸಂಗತಿಯಾಗಿರಲಿಲ್ಲ. ಇನ್ನೊಂದು ಕಡೆ, 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು; ಅವರಲ್ಲಿ ಬಹುಸಂಖ್ಯೆಯವರು ಮತ್ತೆ ಗಿರಣಿಯ ಬಾಗಿಲನ್ನು ಕಾಣಲಿಲ್ಲ. ಗಿರಣಗಾಂವದ ಮನೆಗಳಲ್ಲಿ ತಂದೆಯ ಕೆಲಸ ಹೋಗಿ, ಮಗನ ಪದವಿಯೊಂದೇ ಉಳಿದಿದ್ದ ಕಾಲ ಅದು. ಅಂಥ ನಗರದಲ್ಲಿ ಸರ್ಕಾರಿ ಕೆಲಸದ ಜಾಹೀರಾತೊಂದು ಎಷ್ಟು ಮನೆಗಳಲ್ಲಿ ದೀಪ ಹಚ್ಚಿರಬಹುದೆಂಬುದನ್ನು ಊಹಿಸಿಕೊಳ್ಳಬಹುದು. ವಂಚಕನ ಕೈಯಲ್ಲಿದ್ದುದು ಎರಡೇ ಆಯುಧಗಳು: ಉಳ್ಳವರ ಭಯ ಒಂದು, ಇಲ್ಲದವರ ಆಸೆ ಇನ್ನೊಂದು.

ಈ ಪ್ರಸಂಗದಿಂದ ಪ್ರೇರಿತವಾಗಿ ನೀರಜ್ ಪಾಂಡೆಯವರು ನಿರ್ದೇಶಿಸಿದ 'ಸ್ಪೆಷಲ್ 26' 2013ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಅಕ್ಷಯ್ ಕುಮಾರ್, ಅನುಪಮ್ ಖೇರ್, ಮನೋಜ್ ಬಾಜಪೇಯಿ ಮೊದಲಾದವರು ಅಭಿನಯಿಸಿದ ಈ ಚಿತ್ರವು ಕಸುಬಿನ ದೃಷ್ಟಿಯಿಂದ ಅಚ್ಚುಕಟ್ಟಾದುದು. ಇಂದಿಗೂ ಜನ ಅದನ್ನು ಮೆಚ್ಚಿ ನೋಡುತ್ತಾರೆ. ಅದರ ರಾಜಕೀಯ ಸಂದೇಶವೂ ಹರಿತವಾಗಿಯೇ ಇದೆ, ಮತ್ತು ಅದನ್ನು ಭಾಷಣವಿಲ್ಲದೆ ಹೇಳಿದುದು ಚಿತ್ರದ ದೊಡ್ಡ ಗುಣ. ನಕಲಿ ಅಧಿಕಾರಿಗಳು ದೆಹಲಿಯಲ್ಲಿ ಒಬ್ಬ ಮಂತ್ರಿಯ ಮನೆಗೆ ನುಗ್ಗಿ ಬಚ್ಚಿಟ್ಟ ಹಣವನ್ನೆಲ್ಲ ಹೊತ್ತೊಯ್ಯುತ್ತಾರೆ. ಮೋಸವೆಂದು ತಿಳಿದ ಮೇಲೂ ಮಂತ್ರಿ ದೂರು ಕೊಡಲಾರ. ಏಕೆಂದರೆ ಕಳೆದುಕೊಂಡ ಹಣದ ಲೆಕ್ಕ ಹೇಳಿದರೆ ಗಳಿಸಿದ ಹಣದ ಲೆಕ್ಕವನ್ನೂ ಹೇಳಬೇಕಾಗುವುದು. ಕಲ್ಕತ್ತೆಯ ವ್ಯಾಪಾರಿಯ ಪಾಡೂ ಅದೇ. ಕಪ್ಪುಹಣವು ತನ್ನ ಒಡೆಯನನ್ನೇ ಮೂಗನನ್ನಾಗಿ ಮಾಡುವುದೆಂಬುದನ್ನು ಹತ್ತು ಸಂಪಾದಕೀಯಗಳು ಹೇಳಲಾರದಷ್ಟು ಸ್ಪಷ್ಟವಾಗಿ ಆ ದೃಶ್ಯಗಳು ಹೇಳುತ್ತವೆ. ಅಧಿಕಾರದ ದರ್ಪವು ಎಷ್ಟು ಒಂದೇ ಬಗೆಯದೆಂದರೆ ನಿಜವಾದ ಅಧಿಕಾರಿಗೂ ಸೋಗಿನವನಿಗೂ ವ್ಯತ್ಯಾಸ ಕಾಣದೆಂಬ ವ್ಯಂಗ್ಯವೂ ಅಷ್ಟೇ ಮೊನಚಾದುದು. ಇಷ್ಟನ್ನು ಚಿತ್ರದ ಪರವಾಗಿ ಧಾರಾಳವಾಗಿ ಒಪ್ಪಬೇಕು.

ಆದರೆ ಮೂರನೆಯ ಪ್ರಶ್ನೆಯನ್ನು ಕೇಳಿದೊಡನೆ ಚಿತ್ರವು ತಡವರಿಸುತ್ತದೆ. ಅದು ತನ್ನ ಹೆಸರನ್ನು ಪಡೆದುದು ಆ ಇಪ್ಪತ್ತಾರು ಮಂದಿಯಿಂದ. ಅವರು ಸಾಲುಗಟ್ಟಿ ಸಂದರ್ಶನಕ್ಕೆ ಬರುವುದು, ಕೇಳಿದ ಪ್ರಶ್ನೆಗಳಿಗೆ ತೊದಲುತ್ತ ಉತ್ತರ ಕೊಡುವುದು ಚಿತ್ರದಲ್ಲಿ ನಗೆಗೆ ವಸ್ತುವಾಗಿದೆ. ವಂಚಕರಿಗೆ ಮನೆಯಿದೆ, ಹೆಂಡತಿ ಮಕ್ಕಳಿದ್ದಾರೆ, ಪ್ರಣಯವಿದೆ, ಹಾಡಿದೆ. ನಮ್ಮ ಅಕ್ಕರೆಗೆ ಬೇಕಾದುದೆಲ್ಲವೂ ಅವರಿಗಿದೆ. ಇಪ್ಪತ್ತಾರು ಮಂದಿಗೆ ಅಂಕೆಯೊಂದೇ ಇದೆ. ಅವರಲ್ಲಿ ಒಬ್ಬನ ಮನೆಯನ್ನಾದರೂ, ಹೊಸ ನೌಕರಿಯ ಸುದ್ದಿ ಕೇಳಿದ ಒಬ್ಬ ತಾಯಿಯ ಮುಖವನ್ನಾದರೂ, ಮೋಸ ಬಯಲಾದ ದಿನದ ಸಂಜೆ ಅವರು ಮನೆಯ ಹೊಸ್ತಿಲನ್ನು ಹೇಗೆ ದಾಟಿದರೆಂಬುದನ್ನಾದರೂ ಚಿತ್ರವು ತೂಗಿ ನೋಡುವುದಿಲ್ಲ. ಚಿತ್ರ ಮುಗಿಯುವುದು ವಂಚಕರ ಜಯದಲ್ಲಿ. ಪ್ರೇಕ್ಷಕರು ಎದ್ದುಹೋಗುವುದು ಅವರ ಜಾಣ್ಮೆಯನ್ನು ಹೊಗಳುತ್ತ. ಮಂತ್ರಿಯ ಹಣ ಹೋದುದಕ್ಕೆ ನಮಗೆ ಮರುಕವಿಲ್ಲ. ಆದರೆ ಭ್ರಷ್ಟನನ್ನು ದೋಚುವ ಕಥೆಯ ಕೆಳಗೆ, ನಿರುದ್ಯೋಗಿಯ ಆಸೆಯನ್ನು ದೋಚುವ ಇನ್ನೊಂದು ಕಥೆ ಹೂತುಹೋಗಿದೆ. ಮೊದಲನೆಯದನ್ನು ಅಣಕವೆಂದು ಕೊಂಡಾಡಿದವರು ಎರಡನೆಯದನ್ನು ಗಮನಿಸಿದುದು ವಿರಳ. ಧೂತಾದೇವಿಯ ರತ್ನಮಾಲೆ ಈ ಚಿತ್ರದಲ್ಲಿಲ್ಲ.

ಇಷ್ಟು ಸಣ್ಣ ಲೋಪಕ್ಕೆ ಇಷ್ಟು ದೊಡ್ಡ ಟೀಕೆಯೇ ಎಂದು ಕೆಲವರು ಕೇಳಬಹುದು. ಇದು ಸಣ್ಣ ಲೋಪವಲ್ಲವೆಂಬುದಕ್ಕೆ ಇಂದಿನ ದಿನಮಾನಗಳೇ ಸಾಕ್ಷಿ. 1987ರ ಆ ವಂಚಕನ ಎರಡು ಆಯುಧಗಳು, ಎಂದರೆ ಅಧಿಕಾರಿಯ ಸೋಗು ಮತ್ತು ಕೆಲಸದ ಜಾಹೀರಾತು, ಇಂದು ಸಾಮಾನ್ಯ ಜನರ ಮೇಲೆ ಹಿಂದೆಂದೂ ಕಾಣದ ಪ್ರಮಾಣದಲ್ಲಿ ಪ್ರಯೋಗವಾಗುತ್ತಿವೆ. 'ಡಿಜಿಟಲ್ ಅರೆಸ್ಟ್' ಎಂಬ ಹೆಸರು ಇಂದು ಮನೆಮಾತಾಗಿದೆ. ತನಿಖಾ ದಳದವರು, ಸುಂಕದ ಇಲಾಖೆಯವರು, ಮುಂಬಯಿ ಪೋಲೀಸರು ಎಂದು ಹೇಳಿಕೊಂಡು ಮೊಬೈಲಿನ ತೆರೆಯ ಮೇಲೆ ಸಮವಸ್ತ್ರದಲ್ಲಿ ಕಾಣಿಸಿಕೊಳ್ಳುವ ವಂಚಕರು, ನಿಮ್ಮ ಹೆಸರಿನಲ್ಲಿ ಅಪರಾಧ ದಾಖಲಾಗಿದೆ, ಕೋಣೆಯಿಂದ ಹೊರಬರಬೇಡಿ, ಯಾರಿಗೂ ಹೇಳಬೇಡಿ ಎಂದು ಬೆದರಿಸಿ, ನಿವೃತ್ತರ ಜೀವಮಾನದ ಉಳಿತಾಯವನ್ನು ಕೆಲವೇ ದಿನಗಳಲ್ಲಿ ಬರಿದು ಮಾಡುತ್ತಾರೆ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ತಮ್ಮ ಆಕಾಶವಾಣಿ ಭಾಷಣದಲ್ಲಿ ಈ ಬಗ್ಗೆ ಜನರನ್ನು ಎಚ್ಚರಿಸಬೇಕಾಯಿತು. 2025ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ವಯಂಪ್ರೇರಣೆಯಿಂದ ಈ ವಿಷಯವನ್ನು ವಿಚಾರಣೆಗೆ ಎತ್ತಿಕೊಂಡಿತು. ಚಿತ್ರದ ಮಂತ್ರಿಯು ಕಳ್ಳಹಣವಿದ್ದುದರಿಂದ ಮೂಗನಾದನು. ಈ ಮುದುಕರ ಹಣ ಕಳ್ಳಹಣವಲ್ಲ; ಅವರನ್ನು ಮೂಗರನ್ನಾಗಿ ಮಾಡುವುದು ಅಧಿಕಾರದ ಭಯವೂ ಲೋಕಾಪವಾದದ ಅಂಜಿಕೆಯೂ ಮಾತ್ರ.

ಎರಡನೆಯ ಆಯುಧದ ಕಥೆ ಇನ್ನೂ ದಾರುಣವಾದುದು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ, ಒಳ್ಳೆಯ ಸಂಬಳ ಎಂಬ ಜಾಹೀರಾತುಗಳನ್ನು ನಂಬಿ ಹೋದ ನಮ್ಮ ದೇಶದ ತರುಣರನ್ನು ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡಿ ಪ್ರದೇಶದ ಆವರಣಗಳಲ್ಲಿ ಕೂಡಿಹಾಕಿ, ಅವರಿಂದಲೇ ದೂರವಾಣಿಯ ವಂಚನೆಯನ್ನು ಬಲವಂತವಾಗಿ ಮಾಡಿಸಿದ ಸಂಗತಿ 2022ರಿಂದ ಬೆಳಕಿಗೆ ಬಂದಿದೆ. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳು ಅಂಥ ಐನೂರಕ್ಕೂ ಹೆಚ್ಚು ಮಂದಿಯನ್ನು ಥಾಯ್ಲೆಂಡಿನ ಮೂಲಕ ತಾಯ್ನಾಡಿಗೆ ಕರೆತಂದವು. ಜಾಹೀರಾತನ್ನು ನಂಬಿ ಹೋಗುವುದು, ಅರಿಯದೆಯೇ ಇನ್ನೊಬ್ಬನ ಕಳವಿಗೆ ಕೈಯಾಗುವುದು, ಕೊನೆಗೆ ಪೋಲೀಸರಿಗೆ ತಾನೇ ಉತ್ತರ ಹೇಳಬೇಕಾಗುವುದು, ಇವೆಲ್ಲವೂ ಒಪೇರಾ ಹೌಸಿನ ಇಪ್ಪತ್ತಾರು ಮಂದಿಯ ಪಾಡೇ. ಅಂದು ಒಂದು ಬಸ್ಸಿಗೆ ಸಾಕಾಗಿದ್ದ ಜನ ಇಂದು ವಿಮಾನಗಳನ್ನೇ ತುಂಬುವಷ್ಟಾಗಿದ್ದಾರೆ. ಇದಕ್ಕೆ ಒಂದು ಚಲಚ್ಚಿತ್ರವನ್ನು ಹೊಣೆ ಮಾಡುವ ಅವಿವೇಕವನ್ನು ನಾವು ಮಾಡಲಾರೆವು. ವಂಚಕರಿಗೆ ಪಾಠ ಕಲಿಯಲು ಚಿತ್ರಮಂದಿರ ಬೇಕಿಲ್ಲ. ನಾವು ಹೇಳುವುದು ಇಷ್ಟೇ: ಮೋಸಹೋದವನನ್ನು ಕಂಡು ನಗುವ ಅಭ್ಯಾಸ ಬೆಳೆದಷ್ಟೂ ಮೋಸಹೋದವನು ಬಾಯಿ ಬಿಡಲು ನಾಚುತ್ತಾನೆ. ಆ ನಾಚಿಕೆಯೇ ವಂಚಕನಿಗೆ ಕೋಟೆ.

ಹೊರನಾಡಿನ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮ ಜನರಲ್ಲಿ ಹೆಚ್ಚಿನವರು ಒಂದಲ್ಲ ಒಂದು ತಲೆಮಾರಿನಲ್ಲಿ ಕೆಲಸ ಅರಸಿ ಬಂದವರೇ. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಗುಮಾಸ್ತರಾಗಿ, ಉಪಾಧ್ಯಾಯರಾಗಿ, ವಕೀಲರಾಗಿ ಬೆಳೆದವರ ಪರಂಪರೆ ಈ ನಗರದ ಕನ್ನಡಿಗರದು. ಅಪರಿಚಿತ ಊರಿನಲ್ಲಿ ಕಾಲಿಟ್ಟವನಿಗೆ ಜಾಹೀರಾತೂ, ಸಂದರ್ಶನಪತ್ರವೂ, ಮೊಹರು ಒತ್ತಿದ ಕಾಗದವೂ ಎಷ್ಟು ಪೂಜ್ಯವಾಗಿ ಕಾಣುತ್ತವೆಯೆಂಬುದನ್ನು ಅಂಥ ಮನೆಗಳ ಹಿರಿಯರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಊರಿನಲ್ಲಾದರೆ ಕೇಳಲು ನೆರೆಹೊರೆಯವರಿರುತ್ತಾರೆ. ಪರಸ್ಥಳದಲ್ಲಿ ಕಾಗದವೇ ನೆಂಟ, ಮೊಹರೇ ಸಾಕ್ಷಿ. ಆ ಬಸ್ಸಿನಲ್ಲಿ ಕುಳಿತ ತರುಣರ ಜಾಗದಲ್ಲಿ ನಮ್ಮ ಮನೆಯ ಹುಡುಗನನ್ನೇ ಕಲ್ಪಿಸಿಕೊಳ್ಳುವುದು ನಮಗೆ ಕಷ್ಟವಲ್ಲ. ಹಾಗೆ ಕಲ್ಪಿಸಿಕೊಂಡವನಿಗೆ ಆ ಚಿತ್ರದ ನಗೆಯ ಕೆಲವು ದೃಶ್ಯಗಳು ಮೊದಲಿನಷ್ಟು ಸುಲಭವಾಗಿ ನಗೆ ತರಲಾರವು.

ಹಾಗಾದರೆ ಮಾಡಬೇಕಾದುದೇನು? ಇಂಥ ಚಿತ್ರಗಳನ್ನು ನಿಷೇಧಿಸಬೇಕೆಂಬ ಕೂಗಿಗೆ ನಮ್ಮ ಸಮ್ಮತಿಯಿಲ್ಲ. ಕತ್ತರಿಗೆ ಕಿಂಡಿಯ ಆಕಾರ ಕಂಡೀತೇ ಹೊರತು ರತ್ನಮಾಲೆಯ ಅಭಾವ ಕಾಣಿಸದು. ಇಲ್ಲದ ದೃಶ್ಯವನ್ನು ಯಾವ ಮಂಡಳಿಯೂ ಕತ್ತರಿಸಿ ಸರಿಪಡಿಸಲಾರದು. ಕಳ್ಳನಿಗೆ ಕೊನೆಯಲ್ಲಿ ಕೈಕೋಳ ತೊಡಿಸಿರೆಂದೂ ನಾವು ಕೇಳುವುದಿಲ್ಲ. ಲೋಕದಲ್ಲಿ ಕಳ್ಳರು ತಪ್ಪಿಸಿಕೊಳ್ಳುವುದುಂಟು. 1987ರವನು ತಪ್ಪಿಸಿಕೊಂಡೇ ಹೋದನು. ಸತ್ಯವನ್ನು ಹೇಳುವ ಚಿತ್ರವು ಅದನ್ನೂ ಹೇಳಲಿ. ಆದರೆ ಬೆಲೆ ತೆತ್ತವರನ್ನೂ ಅದೇ ಸತ್ಯದ ಅಂಗವಾಗಿ ತೋರಿಸಲಿ. ಹಾಗೆ ತೋರಿಸಿದರೆ ವಿನೋದಕ್ಕೆ ಭಂಗ ಬರುವುದೆಂಬ ಹೆದರಿಕೆ ನಿರಾಧಾರವಾದುದು. ಶರ್ವಿಲಕನ ದೃಶ್ಯಕ್ಕೆ ಇಂದಿಗೂ ನಗುವವರಿದ್ದಾರೆ. ಧೂತಾದೇವಿಯ ದೃಶ್ಯದಿಂದ ಆ ನಗೆಗೆ ಕುಂದುಂಟಾಗಿಲ್ಲ, ಬೆಲೆ ಹೆಚ್ಚಿದೆ.

ವಿಮರ್ಶಕರಲ್ಲಿ ನಮ್ಮ ವಿನಂತಿ ಇದು. ಚಿತ್ರದ ನಾಯಕನ ಭಾಷಣವನ್ನು ಬರೆದುಕೊಳ್ಳುವ ಮೊದಲು, ಒತ್ತೆಯಾಳುಗಳಾದವರು ಯಾರು, ಮೋಸಹೋದವರು ಯಾರು, ಕಾವಲುಗಾರನ ಕೆಲಸ ಉಳಿಯಿತೇ, ಸಂಶಯಕ್ಕೆ ಗುರಿಯಾದ ಗುಮಾಸ್ತನ ಗತಿಯೇನಾಯಿತು ಎಂದು ಒಮ್ಮೆ ಎಣಿಸಿ ನೋಡಲಿ. ಬಡವರ ಪರವೆಂದು ಘೋಷಿಸಿಕೊಳ್ಳುವ ಚಿತ್ರದಲ್ಲಿ ಬಡವರೆಷ್ಟು ಮಂದಿ ಹೆಸರುಳ್ಳವರಾಗಿ ಕಾಣಿಸಿಕೊಂಡಿದ್ದಾರೆ, ಎಷ್ಟು ಮಂದಿ ಬರಿಯ ಅಂಕೆಗಳಾಗಿದ್ದಾರೆ ಎಂಬ ಲೆಕ್ಕವು ಅದರ ರಾಜಕೀಯವನ್ನು ಯಾವ ಘೋಷಣೆಗಿಂತಲೂ ನಿಖರವಾಗಿ ತಿಳಿಸುವುದು.

ನಮ್ಮ ಸಂಘಸಂಸ್ಥೆಗಳು ಮಾಡಬಹುದಾದ ಕೆಲಸವೂ ಇದೆ. ನಾಟಕ, ಯಕ್ಷಗಾನ, ಭಜನೆಗಳಿಗಾಗಿ ಜನ ಸೇರುವ ನಮ್ಮ ಸಭಾಗೃಹಗಳಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆಯನ್ನು ಇದಕ್ಕಾಗಿ ಮೀಸಲಿಡುವುದು ದೊಡ್ಡ ಹೊರೆಯಾಗಲಾರದು. ಮೊಬೈಲಿನ ಮೂಲಕ ಬಂಧಿಸುವ ಅಧಿಕಾರ ನಮ್ಮ ದೇಶದ ಯಾವ ಕಾನೂನಿನಲ್ಲ್ಲಿಯೂ ಇಲ್ಲವೆಂಬುದನ್ನೂ, ವಂಚನೆಯಾದೊಡನೆ 1930 ಎಂಬ ಸಂಖ್ಯೆಗೆ ಕರೆಮಾಡಬೇಕೆಂಬುದನ್ನೂ ಹಿರಿಯರಿಗೆ ಕನ್ನಡದಲ್ಲಿಯೇ ವಿವರಿಸಬೇಕು. ಹೊರದೇಶದ ಕೆಲಸಕ್ಕೆ ಹೊರಟ ತರುಣನು ತನ್ನನ್ನು ಕಳುಹಿಸುವ ಮಧ್ಯಸ್ಥನು ಸರ್ಕಾರದಲ್ಲಿ ನೋಂದಾಯಿತನೇ ಎಂದು ವಿಚಾರಿಸಿಕೊಳ್ಳಲು ನೆರವಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೋಸಹೋದೆನೆಂದು ಬಂದು ಹೇಳಿದವನನ್ನು ದಡ್ಡನೆಂದು ಹಾಸ್ಯ ಮಾಡದೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳುವ ಸೌಜನ್ಯ ನಮ್ಮಲ್ಲಿ ಬೆಳೆಯಬೇಕು.

ಕಳವಿನ ಕಥೆಗಳು ಮುಂದೆಯೂ ಬರುತ್ತವೆ, ಜನ ಅವುಗಳನ್ನು ನೋಡಿ ಸಂತೋಷಪಡುತ್ತಾರೆ, ಪಡಲಿ. ಜಾಣನಾದ ಕಳ್ಳನಿಗೆ ಒಂದು ಚಪ್ಪಾಳೆ ಸಲ್ಲುವುದಾದರೆ ಅದನ್ನು ತಡೆಯುವ ಕಾರಣ ನಮಗೆ ಕಾಣುವುದಿಲ್ಲ. ಆದರೆ ಚಪ್ಪಾಳೆಯ ಸದ್ದು ಅಡಗಿದ ಮೇಲೆ, ಬಾಗಿಲ ಬಳಿ ಕಾವಲಿಗೆ ನಿಲ್ಲಿಸಲ್ಪಟ್ಟ ಹುಡುಗರು ಇನ್ನೂ ಅಲ್ಲಿಯೇ ನಿಂತಿದ್ದಾರೆಂಬುದನ್ನು ನೋಡುವ ಕಣ್ಣು ನಮಗಿರಬೇಕು. ಚಿತ್ರವು ಅವರನ್ನು ನಮಗೆ ತೋರಿಸಿತೇ ಇಲ್ಲವೇ ಎಂಬುದರ ಮೇಲೆಯೇ ಅದರ ಲೋಕನೀತಿ ನಿಂತಿದೆ.